ಟ್ಯಾಂಕಿನ ಕಲ್ಲಿನ ಮೇಲೆ ಕಂದು ಹೂವು: ಕೆರೆದಷ್ಟೂ ಹೆಚ್ಚುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮ್ಮದು ಉಡುಪಿ. ವರ್ಷದ ಹಿಂದೆ ಮನೆಯಲ್ಲಿ 4 ಅಡಿಯ ಉಪ್ಪುನೀರಿನ ಟ್ಯಾಂಕ್ ಮಾಡಿಸಿದೆ. ಸುಮಾರು 240 ಲೀಟರ್ ನೀರು ಹಿಡಿಯುತ್ತದೆ. ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್, ಒಂದು ಕ್ಲೀನರ್ ಸಿಗಡಿ ಇವೆ. ಕಲ್ಲಿನ ಮೇಲೆ ಸ್ವಲ್ಪ ಝೋವಾ, ಸ್ವಲ್ಪ ಮಶ್ರೂಮ್ (ಎರಡೂ ಮೆತ್ತನೆಯ ಹವಳದಂಥ ಜೀವಿಗಳು). ನೀರನ್ನು ಮಲ್ಪೆಯಿಂದ ಕ್ಯಾನಿನಲ್ಲಿ ತರುತ್ತೇನೆ. ಆರು ತಿಂಗಳ ಹಿಂದೆ ಝೋವಾ ಇದ್ದ ಕಲ್ಲಿನ ಬುಡದಲ್ಲಿ ಒಂದು ಕಂದು ಹೂವಿನಂಥದ್ದು ಕಾಣಿಸಿತು. ಮಗಳಿಗೆ ಖುಷಿಯೋ ಖುಷಿ. ದಿನಾ ಸಿಗಡಿ ಚೂರು ತಿನ್ನಿಸುತ್ತಿದ್ದಳು. ಕ್ಲೌನ್ ಮೀನಿಗೂ ಒಂದು ಮನೆ ಆಯಿತು ಅಂದುಕೊಂಡೆವು. ಕೈ ಹತ್ತಿರ ತಂದರೆ ತಟಕ್ಕನೆ ತೂತಿನೊಳಗೆ ಹೋಗುತ್ತದೆ. ಒಂದು ಮೂರಾದಾಗ ಬ್ಲೇಡಿನಿಂದ ಕೆರೆದು ತೆಗೆದೆ. ಈಗ ಎಣಿಸಿದರೆ 40ಕ್ಕೂ ಜಾಸ್ತಿ. ಪಕ್ಕದ ಝೋವಾ ಅರಳುವುದನ್ನೇ ನಿಲ್ಲಿಸಿದೆ. ಅಂಗಡಿಯವರು ಪೆಪ್ಪರ್‌ಮಿಂಟ್ ಸಿಗಡಿ ಬಿಡಿ ಅನ್ನುತ್ತಾರೆ. ಗೆಳೆಯ ಕಲ್ಲನ್ನೆಲ್ಲ ತೆಗೆದು ಕುದಿಸು ಅನ್ನುತ್ತಾನೆ. ಅಮ್ಮ ಎಲೆ-ಅಡಿಕೆ ಡಬ್ಬಿಯ ಸುಣ್ಣ ಹಚ್ಚು ಅನ್ನುತ್ತಾರೆ. ಇದು ಮಲ್ಪೆಯ ನೀರಿನಿಂದ ಬಂತಾ? ಎಲ್ಲ ತೆಗೆದು ಹೊಸದಾಗಿ ಶುರು ಮಾಡಬೇಕಾ?

ಉತ್ತರ: ಮೊದಲು ಒಂದು ಮಾತು. ಕಲ್ಲು ಕುದಿಸಬೇಡಿ. ಉಳಿದದ್ದನ್ನು ಆಮೇಲೆ ನಿಧಾನಕ್ಕೆ ಮಾತಾಡೋಣ.

ನಿಮ್ಮ ಕಲ್ಲಿನ ಮೇಲೆ ಝೋವಾ ಇದೆ. ಝೋವಾ ಮತ್ತು ಅದರ ಸಂಬಂಧಿ ಪ್ಯಾಲಿಥೋವಾಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಭಾರಿ ವಿಷ ಇರುತ್ತದೆ. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ಕಣ್ಣಿನಿಂದ ನೋಡಿ ಹೇಳಲು ಬರುವುದಿಲ್ಲ. ಕುದಿಸಿದರೆ, ಕುದಿನೀರು ಸುರಿದರೆ, ಬ್ರಷ್ ಹಾಕಿ ಜೋರಾಗಿ ಉಜ್ಜಿದರೆ ಅದು ಹಬೆಯ ಜೊತೆ, ತುಂತುರಿನ ಜೊತೆ ಗಾಳಿಗೆ ಬರುತ್ತದೆ. ಉಸಿರಾಟಕ್ಕೆ ತೊಂದರೆ, ಜ್ವರ, ಕಣ್ಣುರಿ ಶುರುವಾಗುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯಲ್ಲಿ ಅಕ್ವೇರಿಯಂನ ಹವಳ ಶುಚಿ ಮಾಡಲು ಹೋಗಿ ಇಡೀ ಕುಟುಂಬ ಆಸ್ಪತ್ರೆ ಸೇರಿತು. ನೆರವಿಗೆ ಬಂದ ಅಗ್ನಿಶಾಮಕ ದಳದವರೂ ಸೇರಿದರು. ನಿಮ್ಮ ಗೆಳೆಯರು ಒಳ್ಳೆಯದಕ್ಕೇ ಹೇಳಿದ್ದಾರೆ. ಆದರೆ ಅಡುಗೆಮನೆಯಲ್ಲಿ ಅಮ್ಮ, ಮಗಳು ಓಡಾಡುತ್ತಿರುವಾಗ ಈ ಸಾಹಸ ಬೇಡವೇ ಬೇಡ.

ಈಗ ನಿಮ್ಮ ಹೂವಿನ ವಿಷಯ. ಉದ್ದ ಕಾಂಡ, ತುದಿಗೆ ಹೋಗುತ್ತಾ ಚೂಪಾಗುವ ತೆಳ್ಳನೆಯ ಎಳೆಗಳು, ಗಾಜಿನ ಹಾಗೆ ಸ್ವಲ್ಪ ಪಾರದರ್ಶಕವಾದ ಕಂದು ಬಣ್ಣ, ಮುಟ್ಟಹೋದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಹೀಗಿದ್ದರೆ ಅದು ಐಪ್ಟೇಸಿಯಾ, ಹೂವಿನ ಹಾಗೆ ಕಾಣುವ ಅನಿಮೊನಿ ಎಂಬ ಕಡಲ ಪ್ರಾಣಿಗಳಲ್ಲಿ ಒಂದು. ಕೆಣಕಿದಾಗ ಮೈಯಿಂದ ಬಿಳಿ ದಾರದಂಥದ್ದು ಹೊರಬಂದರೆ ಅನುಮಾನವೇ ಬೇಡ. ಇದರ ಜೊತೆಗಾರ ಇನ್ನೊಂದಿದೆ, ಮಜಾನೊ. ಅದು ಗಿಡ್ಡ, ಎಳೆಗಳ ತುದಿ ಗುಂಡಗೆ, ಬಣ್ಣ ಹಸಿರೋ ನೇರಳೆಯೋ ಇರುತ್ತದೆ, ಇಷ್ಟು ಚುರುಕಾಗಿ ಒಳಗೆ ಹೋಗುವುದಿಲ್ಲ. ನೀವು ಬರೆದದ್ದನ್ನು ನೋಡಿದರೆ ನಿಮ್ಮದು ಐಪ್ಟೇಸಿಯಾವೇ.

ಕ್ಲೌನ್ ಮೀನಿಗೆ ಮನೆ ಆಯಿತು ಅಂದುಕೊಂಡಿರಲ್ಲ, ಹಾಗೆ ಅಂದುಕೊಳ್ಳುವವರು ಬಹಳ ಮಂದಿ. ಜಗತ್ತಿನಲ್ಲಿ ಅನಿಮೊನಿ ಜಾತಿಗಳು ಸಾವಿರಕ್ಕೂ ಮಿಕ್ಕಿ ಇವೆ. ಕ್ಲೌನ್ ಮೀನು ಕಡಲಲ್ಲಿ ಸಂಸಾರ ಹೂಡುವುದು ಅದರಲ್ಲಿ ಹತ್ತೇ ಜಾತಿಗಳ ಜೊತೆ. ಆ ಹತ್ತರಲ್ಲಿ ಐಪ್ಟೇಸಿಯಾ ಇಲ್ಲ. ಅದು ನಿಮ್ಮ ಮೀನಿಗೆ ಮನೆ ಕೊಡುವುದಿಲ್ಲ, ಮೀನಿನ ಊಟದಲ್ಲಿ ಪಾಲು ಕೇಳುತ್ತದೆ ಅಷ್ಟೇ. ಪಕ್ಕದ ಝೋವಾ ಮುಚ್ಚಿಕೊಂಡದ್ದೂ ಇದರಿಂದಲೇ. ಐಪ್ಟೇಸಿಯಾದ ಎಳೆಗಳಲ್ಲಿ ಚುಚ್ಚುವ ಕೋಶಗಳಿವೆ. ತಾಗುವಷ್ಟು ಹತ್ತಿರದ ಹವಳವನ್ನು ಸುಟ್ಟುಬಿಡುತ್ತದೆ.

ಮಲ್ಪೆಯ ನೀರನ್ನು ಮಾತ್ರ ಬೈಯಬೇಡಿ. ನೀರಿನಲ್ಲಿ ಮರಿ ಬರುವುದು ಸಾಧ್ಯವೇ ಇಲ್ಲ ಅನ್ನಲಾರೆ. ಆದರೆ ನಿಮ್ಮ ಪತ್ರದಲ್ಲೇ ಉತ್ತರ ಇದೆ: ಮೊದಲನೆಯದು ಕಂಡದ್ದು ಝೋವಾ ಇದ್ದ ಕಲ್ಲಿನ ಬುಡದಲ್ಲಿ. ನಾನು ನೋಡಿದ ಟ್ಯಾಂಕುಗಳಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆಯೂ ಇದು ಬಂದದ್ದು ಹೀಗೆಯೇ. ಯಾವುದೋ ಫ್ರ್ಯಾಗ್ (ಮಾರಲು ಕತ್ತರಿಸಿದ ಹವಳದ ತುಂಡು), ಯಾವುದೋ ಲೈವ್ ರಾಕ್ (ಜೀವಿಗಳು ನೆಲೆಸಿದ ಕಡಲ ಕಲ್ಲು), ಅದರ ಅಡಿಯ ತೂತಿನಲ್ಲಿ ಸಾಸಿವೆ ಕಾಳಿನಷ್ಟು ಒಂದು. ಅಂಗಡಿಯವರಿಗೂ ಕಾಣುವುದಿಲ್ಲ, ನಮಗೂ ಕಾಣುವುದಿಲ್ಲ.

ಹಾಗಾದರೆ ಒಂದು 40 ಆದದ್ದು ಹೇಗೆ? ಅರ್ಧ ಅದರ ಗುಣ, ಅರ್ಧ ನಿಮ್ಮ ಮನೆಯ ಅತಿಥಿ ಸತ್ಕಾರ. ಐಪ್ಟೇಸಿಯಾ ಕಲ್ಲಿನ ಮೇಲೆ ನಿಧಾನವಾಗಿ ಸರಿಯುತ್ತದೆ. ಸರಿಯುವಾಗ ಪಾದದ ಅಂಚಿನ ಚೂರುಗಳು ಹಿಂದೆ ಉಳಿಯುತ್ತವೆ. ಒಂದೊಂದು ಚೂರೂ ಒಂದೊಂದು ಮರಿ. ಗಂಡು-ಹೆಣ್ಣು ಬೇಕಿಲ್ಲ, ಮೊಟ್ಟೆ ಬೇಕಿಲ್ಲ. ನೀವು ಬ್ಲೇಡ್ ಹಾಕಿದಾಗ ಆದದ್ದೂ ಅದೇ. ಮೇಲಿನ ಹೂವು ಹೋಯಿತು, ಪಾದ ಕಲ್ಲಿಗೇ ಅಂಟಿಕೊಂಡು ಚೂರು ಚೂರಾಯಿತು. ಬೇಸರ ಬೇಡ, ಇದೇ ಪಾಠ ನಾನೂ ಕಲಿತವನು. ಶುರುವಿನ ವರ್ಷಗಳಲ್ಲಿ ಮಂಗಳೂರಿನ ಒಂದು ಕ್ಲಿನಿಕ್ಕಿನ ಟ್ಯಾಂಕಿನಲ್ಲಿ ಆರು ಐಪ್ಟೇಸಿಯಾವನ್ನು ಚಿಮಟದಿಂದ ಕಿತ್ತು, ಬಿಲ್ ಕೊಟ್ಟು ಬಂದಿದ್ದೆ. ಒಂದೂವರೆ ತಿಂಗಳ ಮೇಲೆ ಡಾಕ್ಟರೇ ಫೋನ್ ಮಾಡಿದರು. ಬಂದು ಎಣಿಸಿ ಹೋಗಿ ಅಂದರು.

ಇನ್ನು ಸತ್ಕಾರದ ವಿಷಯ. ಮೈಯೊಳಗೆ ಸೂಕ್ಷ್ಮ ಪಾಚಿ ಇಟ್ಟುಕೊಂಡಿರುವ ಪ್ರಾಣಿ ಇದು. ಬೆಳಕು ಇದ್ದರೆ ಆ ಪಾಚಿಯೇ ಊಟ ಕೊಡುತ್ತದೆ. ಬೆಳಕು ಇಲ್ಲದಿದ್ದರೆ ನೀರಿನಲ್ಲಿ ತೇಲಿ ಬಂದದ್ದನ್ನು ಹಿಡಿದು ತಿನ್ನುತ್ತದೆ. ಹಾಗಾಗಿ ಒಂದು ವಾರ ಲೈಟ್ ಆರಿಸಿದರೆ ಸಾಯುತ್ತದೆ ಅನ್ನುವುದು ಸುಳ್ಳು. ಪ್ರಯೋಗಾಲಯಗಳಲ್ಲಿ ಪಾಚಿಯೇ ಇಲ್ಲದ ಬಿಳಿ ಐಪ್ಟೇಸಿಯಾಗಳನ್ನು ಕತ್ತಲಲ್ಲಿ ಊಟ ಹಾಕಿ ಸಾಕುತ್ತಾರೆ. ಹವಳ ಬಿಳಿಚಿಕೊಳ್ಳುವುದು ಯಾಕೆ ಅಂತ ತಿಳಿಯಲು ವಿಜ್ಞಾನಿಗಳು ಆರಿಸಿಕೊಂಡ ಪ್ರಾಣಿ ಇದು. ಸುಲಭಕ್ಕೆ ಸಾಯುವುದಿಲ್ಲ ಅನ್ನುವುದೇ ಅದಕ್ಕೆ ಒಂದು ಕಾರಣ. ನಿಮ್ಮ ಲೈಟ್ ಆರಿಸಿದರೆ ಮೊದಲು ಸೊರಗುವುದು ಮಶ್ರೂಮ್, ಝೋವಾ.

ನೀವು ಮೀನಿಗೆ ಏನು, ಎಷ್ಟು ಹಾಕುತ್ತೀರಿ ಅಂತ ಬರೆದಿಲ್ಲ. ಆದರೆ ನಮ್ಮ ಕಡೆಯ ಟ್ಯಾಂಕುಗಳ ಕತೆ ನನಗೆ ಗೊತ್ತು. ಮನೆಗೆ ಬಂಗುಡೆ ತಂದಾಗ ಒಂದು ತುಂಡು, ಎಟ್ಟಿ (ಸಿಗಡಿ) ತಂದಾಗ ಒಂದು ಮುಷ್ಟಿ, ಎಲ್ಲ ಟ್ಯಾಂಕಿಗೆ. ಜೂನ್, ಜುಲೈನಲ್ಲಿ ಮೀನುಗಾರಿಕೆಗೆ ನಿಷೇಧ ಇರುವಾಗ ಫ್ರೀಜರಿನಲ್ಲಿ ಇಟ್ಟದ್ದನ್ನು ಕರಗಿಸಿ, ಆ ಕೆಂಪು ನೀರಿನ ಸಮೇತ ಸುರಿಯುತ್ತೇವೆ. ಎರಡು ಕ್ಲೌನ್, ಒಂದು ಡ್ಯಾಮ್ಸೆಲ್‌ಗೆ ಎಷ್ಟು ಬೇಕು ಹೇಳಿ? ಒಂದೆರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಸಾಕು. ಹಾಕುವ ಮೊದಲು ಚಹಾ ಸೋಸುವ ಜಾಲರಿಯಲ್ಲಿಟ್ಟು ಆರ್‌ಓ ನೀರಿನಲ್ಲಿ ತೊಳೆಯಿರಿ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನು ಬೇಡ. ಊಟ ಕಡಿಮೆ ಮಾಡದೆ ಐಪ್ಟೇಸಿಯಾ ಕೊಲ್ಲಲು ಹೋಗುವುದು ಸೋರುವ ಮಾಡಿನ ಕೆಳಗೆ ನೆಲ ಒರೆಸಿದ ಹಾಗೆ.

ನೀರಿನ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಲ್ಪೆ ನೀರು ತರಬಹುದು, ಆದರೆ ಬಂದರಿನ ಒಳಗಿನಿಂದ ಬೇಡ, ಬೋಟುಗಳ ಎಣ್ಣೆ ಇರುತ್ತದೆ. ನದಿ ಸೇರುವ ಬಾಯಿಯ ಹತ್ತಿರವೂ ಬೇಡ. ಮಳೆಗಾಲದಲ್ಲಂತೂ ಬೇಡವೇ ಬೇಡ. ಸ್ವರ್ಣಾ, ಸೀತಾ, ಉದ್ಯಾವರ ಹೊಳೆಗಳೆಲ್ಲ ಕೆಂಪು ನೀರು ತಂದು ಸುರಿಯುವಾಗ ದಡದ ನೀರಿನಲ್ಲಿ ಉಪ್ಪು ಇಳಿದಿರುತ್ತದೆ, ಮಣ್ಣು-ಗೊಬ್ಬರ ಏರಿರುತ್ತದೆ. ಆ ನಾಲ್ಕು ತಿಂಗಳು ಅಕ್ವೇರಿಯಂಗೆಂದೇ ಸಿಗುವ ಕಡಲ ಉಪ್ಪಿನ ಪುಡಿ ಬೆರೆಸಿದ ಆರ್‌ಓ ನೀರನ್ನೇ ಬಳಸಿ. ಉಪ್ಪಿನ ಅಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 (ಸಾವಿರಕ್ಕೆ 35 ಪಾಲು) ಬರಬೇಕು.

ಈಗ ದಾರಿಗಳಿಗೆ ಬರೋಣ. ನಿಮ್ಮ ಅಮ್ಮ ಹೇಳಿದ್ದೇ ಎಲ್ಲಕ್ಕಿಂತ ಸರಿಯಾದ ದಾರಿಗೆ ಹತ್ತಿರ ಇದೆ.

ಸುಣ್ಣ ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಟ್ಯಾಂಕ್ ಇಡುವವರು ಕಾಲ್ಕ್‌ವಾಸರ್ ಅಂತ ದುಡ್ಡು ಕೊಟ್ಟು ತರುವುದು ಇದನ್ನೇ. ಇದರ ಗಟ್ಟಿ ನೀರಿನ ಪಿಎಚ್ 12ಕ್ಕಿಂತ ಮೇಲೆ. ಐಪ್ಟೇಸಿಯಾದ ಬಾಯಿಗೆ ಇಟ್ಟರೆ ಒಳಗಿನಿಂದಲೇ ಸುಟ್ಟು ಕರಗುತ್ತದೆ. ಉಳಿದ ಸುಣ್ಣ ನೀರಿನಲ್ಲಿ ಬೆರೆತು, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ ಆಗುತ್ತದೆ. ಐಪ್ಟೇಸಿಯಾ-ಎಕ್ಸ್‌ನಂಥ ರೆಡಿಮೇಡ್ ಬಾಟಲಿಗಳೂ ಸಿಗುತ್ತವೆ. ಕೆಲಸ ಚೆನ್ನಾಗಿಯೇ ಮಾಡುತ್ತವೆ. 40ಕ್ಕೆ ಲೆಕ್ಕ ಹಾಕಿದರೆ ಕಿಸೆಗೆ ಭಾರ, ಅಷ್ಟೇ.

ಆದರೆ ಅಮ್ಮನ ಡಬ್ಬಿಯ ಸುಣ್ಣವನ್ನೇ ಹಾಕಬೇಡಿ. ನಮ್ಮಲ್ಲಿ ಮರುವಾಯಿ ಚಿಪ್ಪು ಸುಟ್ಟು ಮಾಡುವ ಸುಣ್ಣವೂ ಮೂಲದಲ್ಲಿ ಇದೇ ವಸ್ತು. ತೊಂದರೆ ಎರಡು. ಅದರಲ್ಲಿ ಬೂದಿ, ಮಣ್ಣು, ಕೆಲವೊಮ್ಮೆ ಪರಿಮಳ, ಬಣ್ಣ ಸೇರಿರುತ್ತದೆ. ಮತ್ತೆ, ತೆರೆದಿಟ್ಟ ಸುಣ್ಣ ಗಾಳಿ ಕುಡಿದು ಸೀಮೆಸುಣ್ಣ ಆಗುತ್ತಾ ಹೋಗುತ್ತದೆ, ಬಿಸಿ ಕಳೆದುಕೊಳ್ಳುತ್ತದೆ. ಬೇಕಾದರೆ ಒಂದು ಚಿಟಿಕೆಗೆ ಎರಡು ಹನಿ ವಿನೆಗರ್ ಹಾಕಿ ನೋಡಿ. ಬುಸಬುಸ ನೊರೆ ಬಂದರೆ ಅದರಲ್ಲಿ ಹೈಡ್ರಾಕ್ಸೈಡ್ ಕಡಿಮೆಯಾಗಿದೆ ಅಂತ ಅರ್ಥ. ಅಕ್ವೇರಿಯಂ ಅಂಗಡಿಯ ಕಾಲ್ಕ್‌ವಾಸರ್ ಪುಡಿ ಅಥವಾ ಲ್ಯಾಬ್ ಸಾಮಾನಿನ ಅಂಗಡಿಯ ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ. ಸಣ್ಣ ಡಬ್ಬಿ ಸಾಕು.

ಒಂದು ಚಮಚ ಪುಡಿಗೆ ಆರ್‌ಓ ನೀರು ಹನಿ ಹನಿ ಹಾಕಿ ಕಲಸಿ. ಹದ ಮುಖ್ಯ. ನೀರುದೋಸೆ ಹಿಟ್ಟಿನಷ್ಟು ತೆಳುವಾದರೆ ಬಾಯಿಗೆ ಹೋಗದೆ ಟ್ಯಾಂಕ್ ತುಂಬಾ ಹಾಲಿನ ಹಾಗೆ ಹರಡುತ್ತದೆ. ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಬರಬೇಕು. 3 ಅಥವಾ 5 ಎಂಎಲ್ ಸಿರಿಂಜ್ ತೆಗೆದುಕೊಳ್ಳಿ. ಇನ್ಸುಲಿನ್ ಸಿರಿಂಜಿನ ಸೂಜಿ ತೀರಾ ಸಪೂರ, ಕಟ್ಟಿಕೊಳ್ಳುತ್ತದೆ. 18 ಗೇಜ್‌ನ ದಪ್ಪ ಸೂಜಿ ಕೇಳಿ.

ಕೈಗವಸು ಹಾಕಿ. ಕನ್ನಡಕ ಹಾಕಿ. ಸುಣ್ಣ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಎಲೆ-ಅಡಿಕೆ ತಿನ್ನುವ ಮನೆಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಕಟ್ಟಿಕೊಂಡ ಸೂಜಿಯನ್ನು ಜೋರಾಗಿ ಒತ್ತಿದಾಗಲೇ ಅದು ಸಿಡಿಯುವುದು. ಬಿದ್ದರೆ ಕಾಲು ಗಂಟೆಗೆ ಕಡಿಮೆ ಇಲ್ಲದಂತೆ ಕಣ್ಣನ್ನು ನಲ್ಲಿ ನೀರಿನಲ್ಲಿ ತೊಳೆದು, ತಡಮಾಡದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮಗಳು ಆ ಹೊತ್ತಿಗೆ ಪಕ್ಕದಲ್ಲಿ ಇಣುಕದ ಹಾಗೆ ನೋಡಿಕೊಳ್ಳಿ.

ಪಂಪ್‌ಗಳನ್ನೆಲ್ಲ ನಿಲ್ಲಿಸಿ. ನೀರು ಅಲುಗದೆ ನಿಂತ ಮೇಲೆ ಸಿರಿಂಜನ್ನು ಮೇಲಿನಿಂದ ನಿಧಾನವಾಗಿ ತನ್ನಿ. ಎಳೆಗಳಿಗೆ ತಾಗಿಸಬೇಡಿ, ನಡುವಿನ ಬಾಯಿಯ ಮೇಲೆ ಸುಣ್ಣವನ್ನು ಇಳಿಸಿ. ಊಟ ಬಂತು ಅಂತ ತಾನೇ ನುಂಗುವುದೂ ಉಂಟು. ಒಳಗೆ ಎಳೆದುಕೊಂಡರೆ ತೂತಿನ ಬಾಯಿಗೂ ಸ್ವಲ್ಪ ಮುಚ್ಚಿ. ಹತ್ತು-ಹದಿನೈದು ನಿಮಿಷ ಬಿಟ್ಟು, ಉಳಿದ ಬಿಳಿಯನ್ನು ಏರ್ ಪೈಪಿನಲ್ಲಿ ಎಳೆದು ತೆಗೆಯಿರಿ. ಆಮೇಲೆ ಪಂಪ್ ಹಾಕಿ. ಝೋವಾಕ್ಕೆ ಅಂಟಿಕೊಂಡೇ ಇರುವವನ್ನು ಕೊನೆಗೆ ಇಟ್ಟುಕೊಳ್ಳಿ. ಕೈ ಪಳಗಿದ ಮೇಲೆ ಅವು. ಸುಣ್ಣ ಬಿದ್ದರೆ ಝೋವಾವೂ ಸುಟ್ಟುಹೋಗುತ್ತದೆ.

ನಾನು ಒತ್ತಿ ಹೇಳಬೇಕಾದದ್ದು ಇಲ್ಲಿದೆ. ಒಂದು ದಿನಕ್ಕೆ ಐದಾರು ಮಾತ್ರ. ಮತ್ತೆ ಎರಡು-ಮೂರು ದಿನ ಬಿಟ್ಟು ಇನ್ನೈದಾರು. ಒಂದೇ ಭಾನುವಾರ ಕೂತು 40 ಮುಗಿಸುವ ಹುಮ್ಮಸ್ಸು ಎಲ್ಲರಿಗೂ ಬರುತ್ತದೆ. ಅಷ್ಟೂ ಸುಣ್ಣ ಒಟ್ಟಿಗೆ ಬಿದ್ದರೆ 240 ಲೀಟರ್ ನೀರಿನ ಪಿಎಚ್ ಜಿಗಿಯುತ್ತದೆ. ಸಾಮಾನ್ಯವಾಗಿ 8.1ರಿಂದ 8.3 ಇರುವುದು 8.5 ದಾಟಬಾರದು. ಸತ್ತ 40 ಮೈಗಳು ಕೊಳೆತು ಅಮೋನಿಯಾ ಏಳುತ್ತದೆ. ಆ ರಾತ್ರಿಯೇ ಗಾಳಿ-ಮಳೆಗೆ ಕರೆಂಟ್ ಹೋಯಿತು ಅಂತಿಟ್ಟುಕೊಳ್ಳಿ, ಬೆಳಗ್ಗೆ ಎದ್ದಾಗ ಐಪ್ಟೇಸಿಯಾ ಜೊತೆ ಮೀನೂ ಇರುವುದಿಲ್ಲ. ಅಂಥ ಒಂದು ಟ್ಯಾಂಕನ್ನು ಸುರತ್ಕಲ್‌ನಲ್ಲಿ ನಾನೇ ಖಾಲಿ ಮಾಡಿಕೊಟ್ಟಿದ್ದೇನೆ. ಬ್ಯಾಟರಿಯಲ್ಲಿ ನಡೆಯುವ ಏರ್ ಪಂಪ್ ಒಂದು ಮನೆಯಲ್ಲಿ ಇರಲಿ.

ಸುಣ್ಣ ತಿಂದವು ಎಲ್ಲವೂ ಸಾಯುವುದಿಲ್ಲ. ಒಂದು ವಾರ ಬಿಟ್ಟು ಅದೇ ತೂತಿನಿಂದ ಒಂದು ಸಣ್ಣದು ತಲೆ ಎತ್ತಬಹುದು. ಬಿಡಬೇಡಿ, ಮತ್ತೆ ಹಾಕಿ. ಎರಡು ತಿಂಗಳ ಕೆಲಸ ಇದು. ನಿಂಬೆರಸ, ವಿನೆಗರ್ ಚುಚ್ಚುವವರೂ ಇದ್ದಾರೆ. ಸಾಯುತ್ತವೆ, ಇಲ್ಲ ಅಂತಲ್ಲ. ಆದರೆ ಸೂಜಿ ಮೈಯೊಳಗೇ ಹೋಗಬೇಕು, ಅದಕ್ಕೆ ಮೊದಲೇ ಅದು ತೂತಿಗೆ ಇಳಿದಿರುತ್ತದೆ. ಸೂಪರ್ ಗ್ಲೂ ಹಾಕಿ ಮುಚ್ಚಿದರೆ ಅಂಚಿನಿಂದ ನುಸುಳಿ ಬರುವುದನ್ನು ನೋಡಿದ್ದೇನೆ. ತಾಮ್ರದ ಔಷಧಿ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಿಗಡಿ, ಝೋವಾ, ಮಶ್ರೂಮ್ ಎಲ್ಲ ಹೋಗುತ್ತವೆ. ಕಲ್ಲು ತಾಮ್ರ ಹೀರಿಕೊಂಡು ಆಮೇಲೆ ತಿಂಗಳುಗಟ್ಟಲೆ ಬಿಡುತ್ತಿರುತ್ತದೆ.

ಪೆಪ್ಪರ್‌ಮಿಂಟ್ ಸಿಗಡಿಯ ಸಲಹೆ ತಪ್ಪಲ್ಲ. ಅದು ಸಣ್ಣ ಐಪ್ಟೇಸಿಯಾ ತಿನ್ನುತ್ತದೆ, ನಮ್ಮ ಕಣ್ಣಿಗೆ ಬೀಳದವನ್ನೂ ಹುಡುಕುತ್ತದೆ. ದೊಡ್ಡವನ್ನು ಮುಟ್ಟುವುದು ಅಪರೂಪ. ಹೊಟ್ಟೆ ತುಂಬಿದ್ದರೆ ಸಣ್ಣದನ್ನೂ ಮುಟ್ಟುವುದಿಲ್ಲ. ಆದರೆ ಕೊಳ್ಳುವಾಗ ಹುಷಾರು. ಅದರ ಹೆಸರಿನಲ್ಲಿ ಕ್ಯಾಮೆಲ್ ಸಿಗಡಿ ಕೈಗೆ ಬರುವುದು ಬಹಳ. ಬೆನ್ನಿನ ಮೇಲೆ ಎದ್ದು ಕಾಣುವ ಗೂನು, ದೊಡ್ಡ ಕಣ್ಣು, ಕೆಂಪಿನ ನಡುವೆ ಬಿಳಿ ಗೆರೆಗಳು ಇದ್ದರೆ ಅದು ಕ್ಯಾಮೆಲ್. ನೋಡಲು ಇನ್ನೂ ಚೆಂದ. ಅದು ನಿಮ್ಮ ಮಶ್ರೂಮ್, ಝೋವಾಗಳನ್ನೇ ತಿಂದುಹಾಕುತ್ತದೆ. ನಿಜವಾದ ಪೆಪ್ಪರ್‌ಮಿಂಟ್ ಮಾಸಲು, ಅರೆ ಪಾರದರ್ಶಕ, ಮೈ ಮೇಲೆ ಸಪೂರ ಕೆಂಪು ಗೆರೆಗಳು. ಸುಣ್ಣದಿಂದ ದೊಡ್ಡವನ್ನು ಮುಗಿಸಿದ ಮೇಲೆ ಎರಡು-ಮೂರು ಸಿಗಡಿ ಬಿಡಿ. ಆ ಸರದಿಯಲ್ಲಿ ಅವು ಉಪಯೋಗಕ್ಕೆ ಬರುತ್ತವೆ.

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನು ತನ್ನಿ ಅಂತಲೂ ಯಾರಾದರೂ ಹೇಳುತ್ತಾರೆ. ಉದ್ದ ಮೂತಿಯ ಸುಂದರ ಮೀನು, ಐಪ್ಟೇಸಿಯಾವನ್ನು ಕೊಕ್ಕಿನಲ್ಲಿ ಕಿತ್ತ ಹಾಗೆ ತಿನ್ನುತ್ತದೆ. ಆದರೆ 240 ಲೀಟರ್ ಅದಕ್ಕೆ ಚಿಕ್ಕದು. ಬೇರೆ ಊಟ ಕಲಿಯುವುದೂ ಕಷ್ಟ. ಐಪ್ಟೇಸಿಯಾ ಮುಗಿದ ದಿನ ಅದರ ಉಪವಾಸ ಶುರು. ಒಂದು ಪಿಡುಗು ಕಳೆಯಲು ಒಂದು ಮೀನನ್ನು ಹಸಿವಿನಿಂದ ಕೊಲ್ಲುವುದು ನನಗೆ ಒಪ್ಪಿಗೆ ಇಲ್ಲ. ಬರ್ಗಿಯಾ ಅಂತ ಚಿಪ್ಪಿಲ್ಲದ ಒಂದು ಪುಟ್ಟ ಕಡಲ ಬಸವನಹುಳ ಇದೆ, ಐಪ್ಟೇಸಿಯಾ ಬಿಟ್ಟು ಬೇರೇನೂ ತಿನ್ನದು. ಸಿಕ್ಕರೆ ಅದು ಅಚ್ಚುಕಟ್ಟು. ನಮ್ಮ ಕಡೆ ಸಿಗುವುದೇ ಕಷ್ಟ, ಸಿಕ್ಕರೂ ನಿಮ್ಮ ಸಿಗಡಿ ಅದನ್ನು ತಿನ್ನಬಹುದು.

ಎಲ್ಲ ತೆಗೆದು ಹೊಸದಾಗಿ ಶುರು ಮಾಡಬೇಕಾ ಅಂತ ಕೇಳಿದಿರಿ. ಬೇಡ. 40 ಅನ್ನುವುದು ದೊಡ್ಡ ಸಂಖ್ಯೆ ಅಲ್ಲ. ಝೋವಾ ಇಲ್ಲದ ಯಾವುದಾದರೂ ಒಂದು ಕಲ್ಲಿನ ಮೇಲೆ ಹತ್ತು-ಹದಿನೈದು ಒಟ್ಟಿಗೆ ಇದ್ದರೆ ಅದೊಂದನ್ನು ಹೊರಗೆ ತೆಗೆದು ವಾರಗಟ್ಟಲೆ ಒಣಗಿಸಬಹುದು. ವಾಸನೆಗೆ ಮನೆಯವರು ಬೈಯುತ್ತಾರೆ. ಮಳೆಗಾಲದಲ್ಲಿ ಒಣಗುವುದೂ ಇಲ್ಲ, ಬಿಸಿಲು ಬರುವ ತನಕ ಕಾಯಿರಿ. ಒಂದಕ್ಕಿಂತ ಹೆಚ್ಚು ಕಲ್ಲು ಒಟ್ಟಿಗೆ ತೆಗೆಯಬೇಡಿ. ನೀರನ್ನು ಶುಚಿಯಾಗಿಡುವ ಬ್ಯಾಕ್ಟೀರಿಯಾ ಇರುವುದು ಆ ಕಲ್ಲುಗಳಲ್ಲೇ. ತೆಗೆದ ಕಲ್ಲನ್ನು ಹೊಳೆಗೋ ಕಡಲಿಗೋ ಎಸೆಯಬೇಡಿ. ಹಾಗೆಯೇ ಬದಲಿ ಕಲ್ಲು ಹುಡುಕಿಕೊಂಡು ಸೇಂಟ್ ಮೇರಿಸ್ ದ್ವೀಪಕ್ಕೋ ನೇತ್ರಾಣಿ ಕಡೆಗೋ ಹೋಗಬೇಡಿ. ಗಟ್ಟಿ ಹವಳಗಳು 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಹುಲಿಯ ಸಾಲಿನಲ್ಲೇ.

ಮುಂದೆ ಹೊಸ ಫ್ರ್ಯಾಗ್ ತಂದರೆ ನೇರ ಟ್ಯಾಂಕಿಗೆ ಹಾಕಬೇಡಿ. ಬೇರೆ ಬಕೆಟಿನಲ್ಲಿ ಬೆಳಕು, ಪಂಪ್, ಹೀಟರ್ ಇಟ್ಟು ಎರಡು-ಮೂರು ವಾರ ನೋಡಿ. ರಾತ್ರಿ ಟಾರ್ಚ್ ಹಾಕಿ ಬುಡ ನೋಡಿ. ಆಗುವುದಾದರೆ ಝೋವಾವನ್ನು ಅದರ ಕಲ್ಲಿನಿಂದ ಬಿಡಿಸಿ ಬೇರೆ ತುಂಡಿಗೆ ಅಂಟಿಸಿಕೊಡಿ ಅಂತ ಅಂಗಡಿಯವರನ್ನೇ ಕೇಳಿ.

ಕೊನೆಗೆ ಮಗಳ ವಿಷಯ. ದಿನಾ ಉಣ್ಣಿಸಿದ ಹೂವನ್ನು ಅಪ್ಪ ಸುಣ್ಣ ಹಾಕಿ ಕೊಲ್ಲುವುದು ಅವಳಿಗೆ ಸುಲಭ ಆಗಲಿಕ್ಕಿಲ್ಲ. ಐಪ್ಟೇಸಿಯಾದ ಒಂದು ಚೂರನ್ನು ಬಿಡಿಸಿ ಅವಳಿಗೇ ಕೊಡಿ. ಅಗಲ ಬಾಯಿಯ ಗಾಜಿನ ಬಾಟಲಿ, ಟ್ಯಾಂಕಿನ ನೀರು, ಕಿಟಕಿಯ ಪಕ್ಕ ನೇರ ಬಿಸಿಲು ಬೀಳದ ಜಾಗ. ವಾರಕ್ಕೆ ಎರಡು ಸಲ ಒಂದೆರಡು ಆರ್ಟೀಮಿಯಾ (ಮೀನಿಗೆ ಹಾಕುವ ಪುಟ್ಟ ಸಿಗಡಿಯಂಥ ಜೀವಿ), ಮರುದಿನ ಅರ್ಧ ನೀರು ಬದಲು. ಪಾದದಿಂದ ಮರಿ ಒಡೆಯುವುದನ್ನು ಭೂತಗನ್ನಡಿಯಲ್ಲಿ ಅವಳೇ ನೋಡಬಹುದು. ಆ ಬಾಟಲಿಯ ಪಿಪೆಟ್ಟಿಗೆ ಕೆಂಪು ದಾರ ಕಟ್ಟಿಡಿ. ಅದು ಯಾವತ್ತೂ ಟ್ಯಾಂಕಿಗೆ ಇಳಿಯಬಾರದು.